ಗಟಗಟಾಸುರನ ಬೀಗರೂಟ

ಮುಂದೆ ಗುರಿ ಇರಬೇಕು, ಹಿಂದೆ ಹೊನ್ನಪ್ಪ ಇರಬಾರದು.

ಗಾದೆ ಸ್ವಲ್ಪ ಸೊಟ್ಟಗಿದೆ, ಗೊತ್ತು. ಆದರೆ ಅದನ್ನು ಬಗ್ಗಿಸಿದ್ದು ನಾನಲ್ಲ, ಪಾಂಡವಪುರದ ಜೆರಾಕ್ಸ್ ಅಂಗಡಿ ದಿಲೀಪ. ಅದೂ ಒಂದು ಭಾನುವಾರ, ಬೆಳಗಿನ ತಿಂಡಿಗೂ ಮಧ್ಯಾಹ್ನದ ಮುದ್ದೆಗೂ ನಡುವೆ. ಇದು ನಡೆದ ಸಂಗತಿ. ಒಂದಕ್ಷರ ಸುಳ್ಳಿದ್ದರೆ ನನ್ನ ಎಲೆಗೆ ಬೀಳಬೇಕಾದ, ಒಳಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ನಿಮ್ಮ ಎಲೆಗೆ ಬೀಳಲಿ. ನಮ್ಮ ಕಡೆ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ತೊಂದರೆಗೆಲ್ಲ ಮೂಲ ಒಂದು ಬೋಂಡಾ. ಅದೂ ನಿಜವಾದ ಬೋಂಡಾ ಅಲ್ಲ.

ದಿಲೀಪ ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಒಂದು ಆಟ ಕಲಿತಿದ್ದ. ಮೇಜಿನ ಸುತ್ತ ಕೂತು ಆಡುವ ಕತೆಯಾಟ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಆ ಕತೆಯೊಳಗಿನ ವೀರನೋ ಮಾಂತ್ರಿಕನೋ ಕಳ್ಳನೋ ಆಗಿ, ‘ನಾನು ಈಗ ಹಿಂಗೆ ಮಾಡ್ತೀನಿ’ ಅನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆಲುವು, ಚಿಕ್ಕದು ಬಿದ್ದರೆ ಗೋವಿಂದ. ಕಾಲೇಜು ಮುಗಿದ ಮೇಲೆ ಜೊತೆಗಾರರೆಲ್ಲ ಊರೂರು ಸೇರಿದರು. ದಿಲೀಪ ಜೆರಾಕ್ಸ್ ಮೆಷಿನ್ನಿನ ಹಿಂದೆ ಕೂತು ತಾನೇ ರಾಕ್ಷಸನಾಗಿ ಗರ್ಜಿಸುವುದು, ತಾನೇ ವೀರನಾಗಿ ಉತ್ತರಿಸುವುದು, ಗಿರಾಕಿಗಳು ಆಧಾರ್ ಕಾರ್ಡ್ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿಯುವುದು, ಹೀಗೆ ವರ್ಷಗಳು ಕಳೆದವು.

ಕೊನೆಗೆ ಮಕ್ಕಳಿಗೆ ಕಲಿಸೋಣವೆಂದು ಹೋದ ತಿಂಗಳು ಶ್ರೀರಂಗಪಟ್ಟಣದ ಅಕ್ಕನ ಮನೆಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿದ. ‘ನೀವೀಗ ಒಂದು ಊರಿನ ಸಂತೆಯಲ್ಲಿದ್ದೀರಿ. ಏನು ಬೇಕಾದರೂ ಮಾಡಬಹುದು. ಏನು ಮಾಡ್ತೀರಿ?’ ಎಂದ.

‘ಬೋಂಡಾ ತಿಂತೀವಿ’ ಎಂದವು ಮಕ್ಕಳು.

ತಿಂದವು. ಮತ್ತೆ ತಿಂದವು. ಚಟ್ನಿ ಬಿಸಿ ಇದೆಯೋ ಎಂದು ದಾಳ ಉರುಳಿಸಿದವು. ಬೋಂಡಾದ ಗಾಡಿಯನ್ನೇ ಕೊಂಡುಕೊಂಡವು. ಎರಡು ಗಂಟೆ ಹೀಗೆ ಇಲ್ಲದ ಬೋಂಡಾ ತಿಂದು, ಇದ್ದ ಹಸಿವು ಹೆಚ್ಚಾಗಿ, ಮನೆಗೆ ಓಡಿದವು. ಮತ್ತೆ ಒಂದೂ ಬರಲಿಲ್ಲ.

ದಿಲೀಪನಿಗೆ ಜ್ಞಾನೋದಯವಾಯಿತು. ಹೊಸಬರಿಗೆ ‘ಏನು ಬೇಕಾದರೂ ಮಾಡಿ’ ಎಂದರೆ ಅವರು ಬೋಂಡಾ ತಿನ್ನುತ್ತಾರೆ. ಅವರಿಗೆ ಮೊದಲ ದಿನವೇ ಒಂದು ಗುರಿ ಬೇಕು. ಒಂದೇ ಉಸಿರಿಗೆ ಹೇಳುವಷ್ಟು ಸ್ಪಷ್ಟವಾಗಿರಬೇಕು. ಒಂದೇ ದಿನಕ್ಕೆ ಮುಗಿಯದಷ್ಟು ದೂರ ಇರಬೇಕು. ಮುಂದಿನ ವಾರ ತಾವಾಗಿಯೇ ಓಡಿ ಬರುವಂತಿರಬೇಕು.

ಹೀಗೆ ಹುಟ್ಟಿದವನು ಗಟಗಟಾಸುರ.

ಈ ಅಸುರ ಕನ್ನಂಬಾಡಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಕಬ್ಬಿನಾಡಿನ ನಾಲೆಗೆ ಬರುವ ನೀರನ್ನೆಲ್ಲ ಗಟಗಟ ಕುಡಿಯುತ್ತಾನೆ. ಅವನ ಬಾಯಿಗೆ ಬೀಗ ಹಾಕಬೇಕು. ಅದಕ್ಕೆ ಐದು ಬೀಗದ ಕೈ. ಒಂದು ಕುಂತಿಬೆಟ್ಟದಲ್ಲಿ, ಒಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ, ಒಂದು ಗೋವಿಂದನಹಳ್ಳಿಯ ಗುಡಿಯ ಬಳಿ, ಒಂದು ನಾಗಮಂಗಲದಲ್ಲಿ, ಕೊನೆಯದು ಅಸುರನ ಸೊಂಟದಲ್ಲೇ. ಒಂದೊಂದು ಕೈ ಹುಡುಕಲು ಎರಡೆರಡು ತಿಂಗಳು. ಬೀಗ ಹಾಕುವುದೂ ಸೇರಿದರೆ ಒಂದು ವರ್ಷಕ್ಕೆ ಧಾರಾಳ.

ಇನ್ನು ಜಾಗ. ಪೇಟೆ ಬೀದಿಯ ವಾಚನಾಲಯಕ್ಕೆ ಒಂದು ಹಾಲ್ ಇತ್ತು. ಅದರ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅವರೇ ಹೊನ್ನಪ್ಪ. ನಾಗಮಂಗಲ ರೂಟಿನ ನಿವೃತ್ತ ಕಂಡಕ್ಟರು. ಬಸ್ಸಿನಲ್ಲಿ ಎಷ್ಟು ಜನರಿದ್ದರೂ ಯಾರು ಟಿಕೆಟ್ ತಗೊಂಡಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದವರು, ಈಗ ಅದೇ ಕಣ್ಣನ್ನು ಊರವರ ಮನೆ ವಿಷಯಕ್ಕೆ ಬಳಸುತ್ತಿದ್ದರು. ಅವರಿಗೆ ಆ ಹಾಲಿನಲ್ಲಿ ಪ್ರತಿ ಭಾನುವಾರ ಹಿರಿಯರ ನಗೆಕೂಟ ನಡೆಸುವ ಆಸೆ. ಹಿರಿಯರೆಲ್ಲ ಸಾಲಾಗಿ ನಿಂತು, ಕಾರಣವಿಲ್ಲದೆ ‘ಹಹ್ಹಹ್ಹಾ’ ಎಂದು ನಕ್ಕರೆ ಬಿಪಿ ಇಳಿಯುತ್ತದಂತೆ.

ವಾಚನಾಲಯ ನೋಡಿಕೊಳ್ಳುವ ಪ್ರಮೀಳಾ ಮೇಡಂ ಇಬ್ಬರನ್ನೂ ನಿಲ್ಲಿಸಿ ನ್ಯಾಯ ಹೇಳಿದರು. ‘ದಿಲೀಪ್, ಈ ಭಾನುವಾರ ನಿನ್ನ ಆಟ ಆಡಿಸು. ಅದೇ ಮಕ್ಕಳು ಮುಂದಿನ ಭಾನುವಾರ ಹತ್ತು ಗಂಟೆಗೆ ಯಾರೂ ಕರೆಯದೆ ತಾವಾಗಿ ಬಂದರೆ, ವರ್ಷವಿಡೀ ಹಾಲ್ ನಿಂದು. ಬರಲಿಲ್ಲವೋ, ಹೊನ್ನಪ್ಪನವರದು.’

‘ನ್ಯಾಯವಾದ ಮಾತು ಕಣಮ್ಮ’ ಎಂದರು ಹೊನ್ನಪ್ಪ. ಅವರು ಇಷ್ಟು ಬೇಗ ಒಪ್ಪಿದಾಗಲೇ ದಿಲೀಪ ಎಚ್ಚೆತ್ತುಕೊಳ್ಳಬೇಕಿತ್ತು.

ಭಾನುವಾರ ಬಂತು. ಹತ್ತು ಮಕ್ಕಳು ಮೇಜಿನ ಸುತ್ತ ಕೂತವು. ಮುಂದಾಳು ಪ್ರಿಯಾಂಕ, ಐದನೇ ಕ್ಲಾಸು, ಎರಡು ಜಡೆ, ಆಟದಲ್ಲಿ ಕತ್ತಿ ಹಿಡಿದ ವೀರೆ. ಪಕ್ಕದಲ್ಲಿ ಮಾಂತ್ರಿಕಳಾಗಿ ಜೀನತ್, ಎದುರಿನ ಟೀ ಅಂಗಡಿ ಸೈಫುಲ್ಲಾನ ಮಗಳು. ಗೋಡೆ ಬದಿಯ ಬೆಂಚಿನಲ್ಲಿ ಪ್ರಿಯಾಂಕಳ ಅಜ್ಜಿ ಮಂಚಮ್ಮ ಮೊರದ ತುಂಬ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಬಾಗಿಲ ಬಳಿ ಹೊನ್ನಪ್ಪ ಪೇಪರ್ ಓದುತ್ತಿದ್ದರು, ಅಂದರೆ ಪೇಪರಿನ ಮೇಲಿನಿಂದ ಊರು ಓದುತ್ತಿದ್ದರು.

ದಿಲೀಪ ಎದ್ದು ನಿಂತು ಗುರಿ ಹೇಳಿದ. ಮಕ್ಕಳು ಒಂದೇ ಉಸಿರಿಗೆ ತಿರುಗಿ ಹೇಳಿದವು. ‘ಗಟಗಟಾಸುರನಿಂದ ನಾಲೆ ನೀರು ಬಿಡಿಸಬೇಕು!’

‘ಶಭಾಷ್! ನೆನಪಿಟ್ಟುಕೊಳ್ಳಿ. ಏನೇ ಆಗಲಿ, ಯಾರೇ ಕರೆಯಲಿ, ಗುರಿ ಬಿಡಬಾರದು.’

‘ಗುರಿ ಬಿಡಬಾರದು!’

ದಿಲೀಪನಿಗೆ ಮೈ ಜುಂ ಎಂದಿತು. ಬೋಂಡಾದ ಸುಳಿವೇ ಇಲ್ಲ! ಉತ್ಸಾಹದಲ್ಲಿ ಅಸುರನ ದನಿ ತೆಗೆದ. ಬೋರ್‌ವೆಲ್ ಲಾರಿ ಏರು ಹತ್ತುವ ಹಾಗಿತ್ತು. ‘ಯಾವನ್ಲಾ ಅವ್ನು ನನ್ನ ನೀರು ಕೇಳೋನು? ಗಟಗಟಗಟ!’

ಮಕ್ಕಳು ಕಿಲಕಿಲ ನಕ್ಕವು. ಪ್ರಿಯಾಂಕ ಮಾತ್ರ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ‘ಮಾಮ, ಅವ್ನಿಗೆ ಮಕ್ಳು ಮರಿ ಇದ್ದಾವಾ?’

ಕತೆ ನಡೆಸುವವನಿಗೆ ಇಂಥ ಪ್ರಶ್ನೆ ಕೇಳಿದರೆ ಸ್ವರ್ಗ. ದಿಲೀಪ ಹಿಂದೆಮುಂದೆ ನೋಡದೆ, ‘ಇದ್ದಾಳೆ! ಒಬ್ಬಳೇ ಮಗಳು. ಮದುವೆ ವಯಸ್ಸು’ ಎಂದುಬಿಟ್ಟ.

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

‘ಮಗ್ಳವ್ಳಾ?’ ಎಂದಳು ಮಂಚಮ್ಮ. ‘ಮತ್ಯಾಕವ್ವ ಕತ್ತಿ ಕಠಾರಿ? ಸಂಬಂಧ ಬೆಳೆಸ್ಬುಡಿ. ಎಣ್ಣು ಕೊಟ್ಟ ಊರ್ಗೆ ಯಾವಪ್ಪ ನೀರು ನಿಲ್ಲುಸ್ತಾನೆ?’

‘ಅಜ್ಜಿ, ಅದು ಹಂಗಲ್ಲ, ಐದು ಬೀಗದ ಕೈ…’ ದಿಲೀಪ ತಡವರಿಸಿದ.

‘ನಮ್ ಕಬ್ಬಿನಾಡಿನ ರಾಜಂಗೆ ಮಗ ಅವ್ನಾ ಮಾಮ?’ ಎಂದಳು ಪ್ರಿಯಾಂಕ.

‘ಇದ್ದಾನೆ, ಆದರೆ…’

‘ದಾಳ ಕೊಡಿ ಮಾಮ! ನಾವು ಎಣ್ಣು ಕೇಳಕ್ಕೆ ವೋಗ್ತೀವಿ. ಜೀನತ್, ನೀನು ಮಂತ್ರದಲ್ಲಿ ಬಾಳೆಹಣ್ಣು, ಎಲೆ ಅಡಿಕೆ ಮಾಡು.’

ಜೀನತ್ ಮಾಡಿದಳು. ಪ್ರಿಯಾಂಕ ದಾಳ ಉರುಳಿಸಿದಳು. ದಾಳ ಮೇಜಿನ ತುದಿಯವರೆಗೆ ಹೋಗಿ, ದಿಲೀಪನ ಮುಖ ಒಮ್ಮೆ ನೋಡಿ, ಹತ್ತೊಂಬತ್ತು ತೋರಿಸಿ ಮಲಗಿತು. ಆಟದ ನಿಯಮ ನಿಯಮವೇ. ಬೋರ್‌ವೆಲ್ ಲಾರಿ ಇಳಿಜಾರಿಗೆ ಬಂದಂತೆ ಅಸುರ ಮೆತ್ತಗಾದ. ‘ಆಯ್ತು ಕಣ್ರವ್ವ… ನಮ್ಮ ಹುಡುಗೀನ ಚೆನ್ನಾಗಿ ನೋಡ್ಕೊಳ್ಳಿ…’

ನಾಲೆಗೆ ನೀರು ಬಂತು. ಬೀಗದ ಕೈ ಹುಡುಕಲು ಹೊರಟವರು ಬೀಗರ ಕೈಯನ್ನೇ ಹಿಡಿದಿದ್ದರು. ಒಂದು ವರ್ಷದ ಗುರಿ ಅರ್ಧ ಗಂಟೆಗೆ ಫೈಸಲ್. ಗೋಡೆ ಗಡಿಯಾರದಲ್ಲಿ ಹತ್ತೂವರೆ. ಹೊನ್ನಪ್ಪ ಪೇಪರಿನ ಹಿಂದಿನಿಂದ ‘ಹಹ್ಹಾ’ ಎಂದು ಸಣ್ಣಗೆ ಅಭ್ಯಾಸ ಮಾಡಿದರು.

‘ಗುರಿ ಮುಗೀತಲ್ಲ ಮಾಮ. ಮುಂದ್ಲ ವಾರ ಏನ್ ಮಾಡಾದು?’ ಎಂದಳು ಪ್ರಿಯಾಂಕ.

ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಹಾಲ್ ಹೋಯಿತು. ಅಷ್ಟರಲ್ಲಿ ಮಕ್ಕಳು ಅಸುರನಿಗೆ ಬೀಗರೂಟ ಹಾಕುವ ತಯಾರಿಗಿಳಿದಿದ್ದವು. ಮುದ್ದೆಯೋ ಬಿರಿಯಾನಿಯೋ ಎಂದು ಪ್ರಿಯಾಂಕಳಿಗೂ ಜೀನತ್‌ಗೂ ಜಗಳ ಹತ್ತಿತ್ತು.

‘ಏನಾರ ಮಾಡಿ ಮಕ್ಳೆ, ನಲ್ಲಿ ಮೂಳೆ ಮಾತ್ರ ಮರೀಬೇಡಿ’ ಎಂದಳು ಮಂಚಮ್ಮ, ನಿಟ್ಟುಸಿರು ಬಿಟ್ಟು. ‘ನಮ್ ಚಿಕ್ಕೋನ ಮದ್ವೇಲಿ ಆಗಿದ್ದು ನೋಡಿಲ್ವಾ? ಕೆ.ಆರ್. ಪೇಟೆ ಛತ್ರದಲ್ಲಿ ಬೀಗರೂಟ. ಬಡಿಸ್ಕೊಂಡ್ ಬಂದೋನು ಬೀಗ್ರ ಎಲೆ ಅತ್ರ ಬರೋ ಒತ್ಗೆ ನಲ್ಲಿ ಮೂಳೆ ಖಾಲಿ! ಪಕ್ಕೆ ಮೂಳೆ ಆಕ್ಬುಟ್ಟ. ಎಲೆ ಮಡಚಿ ಎದ್ದೋದ್ರು ಆ ಮಾರಾಯ್ರು. ಇವತ್ತಿನವರ್ಗೂ ನಮ್ಮನೆ ಮೆಟ್ಲು ತುಳ್ದಿಲ್ಲ. ಮಗ್ಳನ್ನ ನೋಡಕ್ಕೆ ಬಂದ್ರೂ ಬೀದೀಲೇ ನಿಂತ್ಕೊಂಡು ಕರೆಸ್ಕತಾರೆ. ಆ ಎಣ್ಮಗಿನ ಮೊಕ ನೋಡಕ್ಕಾಗಕ್ಕಿಲ್ಲ.’

ದಿಲೀಪನಿಗೆ ಅಜ್ಜಿಯ ದುಃಖ ಅರ್ಧ ಕಿವಿಗೆ ಬಿತ್ತು. ಉಳಿದ ಒಂದೂವರೆ ಕಿವಿಗೆ ಬಿದ್ದದ್ದು ಉಪಾಯ. ನಲ್ಲಿ ಮೂಳೆ! ಅಸುರನ ಕಡೆಯವನೊಬ್ಬ ಬೀಗರೂಟದ ನಡುವೆ ನುಗ್ಗಿ, ‘ನನಗೆ ನಲ್ಲಿ ಮೂಳೆ ಬರಲಿಲ್ಲ’ ಎಂದು ಎಲೆ ಮಡಚಿ ಸಂಬಂಧ ಮುರಿದರೆ? ನಾಲೆ ಮತ್ತೆ ಬಂದ್! ಗುರಿ ಮತ್ತೆ ಜೀವಂತ!

‘ಐದು ನಿಮಿಷ, ಟೀ ಹೇಳಿ ಬರ್ತೀನಿ’ ಎಂದು ಎದುರಿನ ಅಂಗಡಿಗೆ ಹಾರಿದ.

‘ಸೈಫು, ಮಕ್ಕಳು ನೋಡಿರದ ಒಬ್ಬ ಆಳು ಬೇಕು ಕಣೋ. ದಪ್ಪ ದನಿ ಇರ್ಬೇಕು. ಒಳಗೆ ನುಗ್ಗಿ ನಲ್ಲಿ ಮೂಳೆಗೆ ಜಗಳ ತೆಗೀಬೇಕು. ಅಷ್ಟೇ.’

‘ಅರೆ, ಫಿಕರ್ ಮಾಡ್ಬೇಡ ಭಾಯ್’ ಎಂದ ಸೈಫುಲ್ಲಾ, ಟೀ ಎತ್ತಿ ಹುಯ್ಯುತ್ತ. ‘ನಮ್ ಚಿಚ್ಚಾನ ಮಗ ಇನಾಯತುಲ್ಲಾ ಅವ್ನೆ, ಗೂಡ್ಸ್ ಗಾಡಿ ಓಡುಸ್ತಾನೆ. ಅವನ ಗಾಡಿಗೆ ಹಾರ್ನೇ ಇಲ್ಲ, ಕಿಟಕೀಲಿ ಬಾಯಿ ತೆಗೆದ್ರೆ ಸಾಕು. ಕಳುಸ್ತೀನಿ, ನಮ್ ಜೀನತ್‌ಗೂ ಗುರ್ತು ಸಿಗ್ದಂಗೆ ಮೀಸೆ ಬರೆದು ಕಳುಸ್ತೀನಿ.’

ದಿಲೀಪ ಹಗುರಾಗಿ ತಿರುಗಿದ. ತನ್ನ ಹಿಂದೆಯೇ ಬಂದಿದ್ದ ಹೊನ್ನಪ್ಪ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿನ ತುದಿಯನ್ನು ಟೀಯಲ್ಲಿ ಅದ್ದುತ್ತಿದ್ದುದನ್ನು ಅವನು ಕಂಡ. ಕಂಡರೂ ಕಾಣಲಿಲ್ಲ.

ಹಾಲಿನಲ್ಲಿ ಕಲ್ಪನೆಯ ಎಲೆಗಳು ಹಾಸಿದ್ದವು. ದಿಲೀಪ ಬಡಿಸುತ್ತ, ಬಾಗಿಲ ಕಡೆ ನೋಡುತ್ತ, ಮತ್ತೆ ಬಡಿಸುತ್ತ ಸಮಯ ತಳ್ಳಿದ. ಬೋಟಿ ಗೊಜ್ಜು, ಕೈಮಾ ಉಂಡೆ, ಮುದ್ದೆ, ಬಿರಿಯಾನಿ ಎಲ್ಲ ಆಯಿತು.

ಧಡ್ ಎಂದು ಬಾಗಿಲು ತೆರೆಯಿತು.

ನಿಂತಿದ್ದವನನ್ನು ನೋಡಿ ದಿಲೀಪ ಮನಸ್ಸಿನಲ್ಲೇ ಸೈಫುಲ್ಲಾನಿಗೆ ಅಡ್ಡಬಿದ್ದ. ಎಂಥ ಆಳು! ಬಾಗಿಲು ತುಂಬುವ ಮೈ, ಗರಿಗರಿ ಬಿಳಿ ಪಂಚೆ, ಹೆಗಲಿಗೆ ಜರಿ ಟವಲ್ಲು, ಜೋಡಿ ಚೇಳು ಕಾದಾಡುವಂಥ ಮೀಸೆ.

‘ನನ್ ನಲ್ಲಿ ಮೂಳೆ ಸುದ್ದೀನ ಮಕ್ಳ ಮುಂದೆ ಇಟ್ಕೊಂಡು ನಾಟ್ಕ ಆಡ್ತಾ ಇದ್ದೀರಾ?’ ಎಂದು ಆತ ಗುಡುಗಿದ. ಕಪಾಟಿನ ಗಾಜು ಗಣಗಣ ಎಂದಿತು. ‘ಸುತ್ತ ನಾಕು ತಾಲೂಕಲ್ಲಿ ಯಾರಾರ ಒಬ್ರು ಹೇಳ್ಲಿ, ಬೀಗ್ರಿಗೆ ಪಕ್ಕೆ ಮೂಳೆ ಆಕೋ ಪದ್ಧತಿ ಎಲ್ಲೈತೆ?’

ಮಂಚಮ್ಮ ಧಡಕ್ಕನೆ ಎದ್ದಳು. ಅವರೆಕಾಳು ನೆಲದ ತುಂಬ ಉರುಳಿತು. ಸೆರಗು ತಲೆಗೆ ಹೊದ್ದು, ಬಣ್ಣಗೆಟ್ಟ ಮುಖದಲ್ಲಿ, ‘ಬೀಗ್ರೆ… ಬನ್ನಿ, ಕೂತ್ಕಳಿ…’ ಎಂದಳು.

ಅಜ್ಜಿ ಏನು ನಟನೆ ಮಾಡ್ತಾಳಪ್ಪ ಎಂದುಕೊಂಡ ದಿಲೀಪ.

ಪ್ರಿಯಾಂಕ ಓಡಿಹೋಗಿ ಆತನ ಕೈ ಹಿಡಿದಳು. ‘ತಾತ, ಕ್ವಾಪ ಮಾಡ್ಕಬೇಡಿ ತಾತ.’

ಇವಳಂತೂ ಹುಟ್ಟು ಆಟಗಾರ್ತಿ! ದಿಲೀಪ ಇನ್ನು ತಡೆಯಲಿಲ್ಲ. ಆಟಕ್ಕೆಂದು ಮನೆಯಿಂದ ತಂದಿದ್ದ ಬೆಡ್‌ಶೀಟನ್ನು ಹೆಗಲಿಗೆ ಹಾಕಿಕೊಂಡು ಕಬ್ಬಿನಾಡಿನ ರಾಜನಾದ. ಹಳೇ ನಾಟಕದ ದನಿ ತೆಗೆದು, ‘ಅಸುರ ಕುಲ ತಿಲಕ! ತಪ್ಪು ನಮ್ಮಿಂದಾಗಿದೆ. ಮಕ್ಕಳೇ, ಬೀಗರ ಕೋಪ ಇಳಿಸಿ. ದಾಳ ತೆಗೆದುಕೊಳ್ಳಿ!’ ಎಂದ.

‘ಯಾರೀ ಇವ್ರು?’ ಎಂದ ಆತ, ಮಂಚಮ್ಮನ ಕಡೆ ತಿರುಗಿ.

‘ಪಾಪ ಒಳ್ಳೆ ಹುಡ್ಗ. ನಿಮ್ದು ನಮ್ದು ಒಂದು ಮಾಡ್ಬೇಕು ಅಂತ ನಿಂತವ್ನೆ’ ಎಂದಳು ಮಂಚಮ್ಮ. ಅವಳಿಗೆ ಅದು ನಿಜವಾಗಿಯೂ ಹಾಗೆಯೇ ಕಂಡಿತ್ತು.

ಹತ್ತು ಮಕ್ಕಳು ಆತನನ್ನು ಮುತ್ತಿಕೊಂಡವು. ಒಂದು ಕಾಲು ಹಿಡಿಯಿತು, ಒಂದು ಟವಲ್ಲಿನಿಂದ ಗಾಳಿ ಹಾಕಿತು, ಜೀನತ್ ಮಂತ್ರ ಹಾಕಿದಳು. ದಾಳ ಇಪ್ಪತ್ತು ತೋರಿಸಿತು. ಚೇಳುಗಳು ನಿಧಾನಕ್ಕೆ ಬಾಲ ಇಳಿಸಿದವು.

‘ಮಕ್ಳು ಇಷ್ಟು ಕೇಳ್ಕತಾವಲ್ಲ… ಆದ್ರೆ ನಾನು ಅವ್ರ ಮೆಟ್ಲು ಅತ್ತಕ್ಕಿಲ್ಲ ಅಂದಿವ್ನಿ, ಮಾತು ಮಾತೇಯ. ಅವ್ರು ನಮ್ಮನೆಗೆ ಬಂದು ಸೋತಂಗೂ ಆಗ್ಬಾರ್ದು. ಮಧ್ಯಸ್ಥರ ಮನೇಲಾದ್ರೆ ಒಪ್ಕತೀನಿ.’

‘ಒಪ್ಪಿದೆ!’ ಎಂದ ರಾಜ ದಿಲೀಪ. ‘ನಮ್ಮ ಅರಮನೆಯಲ್ಲೇ ಬೀಗರೂಟ! ನಿಮ್ಮ ಎಲೆಗೆ ಎರಡು ನಲ್ಲಿ ಮೂಳೆ, ನಾನೇ ಸ್ವಂತ ಕೈಯಿಂದ ಬಡಿಸುತ್ತೇನೆ! ಇಲ್ಲಿರುವ ಎಲ್ಲರೂ ಮನೆಮಂದಿ ಸಮೇತ ಬರಬೇಕು!’

‘ಯಾವತ್ತು?’

ಇದಕ್ಕೆ ದಿಲೀಪ ಸಿದ್ಧನಿರಲಿಲ್ಲ. ‘ಒಂದು… ಒಳ್ಳೆಯ ದಿನ…’

‘ಸೋಮ್ವಾರ ನೀವು ಬಾಡು ಮುಟ್ಟಲ್ಲ ಬೀಗ್ರೆ’ ಎಂದಿತು ಬಾಗಿಲ ಬಳಿ ಮತ್ತೆ ಬಂದು ಕೂತಿದ್ದ ಹೊನ್ನಪ್ಪನ ದನಿ, ಸ್ಟಾಪುಗಳನ್ನು ಕೂಗುವ ಧಾಟಿಯಲ್ಲಿ. ‘ಗುರ್ವಾರ ಅಜ್ಜಿ ಮುಟ್ಟಲ್ಲ. ಶನ್ವಾರ ಯಾರೂ ಮುಟ್ಟಲ್ಲ. ಮಿಕ್ಕಿದ್ ದಿನ ಮಕ್ಳಿಗೆ ಸ್ಕೂಲು. ಮುಂದ್ಲ ಭಾನ್ವಾರ ಬುಟ್ರೆ ದಿನವೇ ಇಲ್ಲ.’

‘ಮುಂದಿನ ಭಾನುವಾರ!’ ಎಂದು ರಾಜ ಕೈಯೆತ್ತಿದ.

‘ಅರಮನೆ ಎಲ್ಲಿ ಬತ್ತದೆ?’

‘ಜೆರಾಕ್ಸ್ ಅಂಗ್ಡಿ ಹಿಂದ್ಗಡೆ ಸಂದಿ, ಹಸಿರು ಗೇಟು’ ಎಂದರು ಹೊನ್ನಪ್ಪ.

ಅಷ್ಟರಲ್ಲಿ ಪ್ರಮೀಳಾ ಮೇಡಂ ಒಳಗೆ ಬಂದರು. ಮಕ್ಕಳ ಮುಖದ ಬೆಳಕು ನೋಡಿ ಅವರಿಗೂ ಖುಷಿಯಾಯಿತು. ‘ಹೇಗಿತ್ತು ಆಟ? ಏನು ನಿಮ್ಮ ಗುರಿ?’

‘ಬೀಗ್ರನ್ನ ಮೆಚ್ಚುಸೋದು ಮಿಸ್!’ ಹತ್ತು ಗಂಟಲು, ಒಂದೇ ಉಸಿರು.

‘ಎಷ್ಟು ದಿನ ಹಿಡಿಯುತ್ತೆ ಅದು?’

‘ಅದೇನು ಮುಗಿಯೋ ಕೆಲ್ಸವಾ ತಾಯಿ?’ ಎಂದಳು ಮಂಚಮ್ಮ, ಅವರೆಕಾಳು ಹೆಕ್ಕುತ್ತ. ‘ನಮ್ಮತ್ತೆಮಾವ ಮಾಡಿದ್ರು, ನಾವು ಮಾಡ್ತಾ ಇದ್ದೀವಿ, ನಾಳೀಕೆ ಇವ್ಳು ಮಾಡ್ತಾಳೆ.’

ದಿಲೀಪನ ಕಣ್ಣು ತುಂಬಿತು. ಐದು ಬೀಗದ ಕೈ ಏನು ಮಹಾ! ಒಂದೇ ಉಸಿರಿಗೆ ಹೇಳಬಹುದು, ಜನ್ಮವಿಡೀ ಮುಗಿಯುವುದಿಲ್ಲ. ಇದಲ್ಲವೇ ಗುರಿ! ಹಾಲ್ ತನ್ನದು, ವರ್ಷವಿಡೀ ತನ್ನದು.

ಆಗ ಬಾಗಿಲು ಮತ್ತೊಮ್ಮೆ ಧಡ್ ಎಂದಿತು.

‘ಎಲ್ರೀ ನಮ್ದು ನಲ್ಲಿ ಮೂಳೆ?’

ಕಿವಿಯಿಂದ ಕಿವಿಗೆ ಮಸಿಯ ಮೀಸೆ ಬರೆದುಕೊಂಡ, ತಲೆಗೆ ಗೋಣಿ ಪೇಟ ಸುತ್ತಿದ, ಇದ್ದಿಲು ಮುಖದ ಇನಾಯತುಲ್ಲಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಎಲ್ಲರೂ ತನ್ನತ್ತ ತಿರುಗಿದ್ದನ್ನು ನೋಡಿ ದನಿ ಇಳಿಸಿ, ‘ಲೇಟಾಯ್ತಾ ದಿಲೀಪಣ್ಣ? ನಾನು ಯಾವಾಗ್ಲೋ ರೆಡಿ. ಈ ಹೊನ್ನಪ್ಪನೋರೇ, ಇನ್ನೂ ಕರ್ದಿಲ್ಲ ಕೂತ್ಕೋ ಕೂತ್ಕೋ ಅಂತ ಟೀ ಮೇಲೆ ಟೀ ಕುಡ್ಸುದ್ರು’ ಎಂದ.

ದಿಲೀಪ ಮಸಿಯ ಮೀಸೆ ನೋಡಿದ. ನಿಜವಾದ ಮೀಸೆ ನೋಡಿದ. ಬೆಡ್‌ಶೀಟು ಹೆಗಲಿಂದ ಜಾರಿತು.

‘ಹಂಗಾದ್ರೆ… ತಾವು ಯಾರು?’

‘ನಾನಾ? ನಾಗಮಂಗಲದ ಚಲುವರಾಜು. ಇವ್ರ ಬೀಗ. ಮಗ್ಳನ್ನ ನೋಡಕ್ಕೆ ಬಂದಿದ್ದೆ, ಟೀ ಅಂಗ್ಡೀಲಿ ನಮ್ ಕಂಡಕ್ಟ್ರು ಸಿಕ್ಕಿ, ಒಳಗೆ ನಿಮ್ ಮೂಳೆ ಪಂಚಾಯ್ತಿನೇ ನಡೀತೈತೆ ವೋಗಿ ನೋಡಿ ಅಂದ್ರು.’ ಅವರು ದಿಲೀಪನ ಎರಡೂ ಕೈ ಹಿಡಿದುಕೊಂಡರು. ‘ಸುಮ್ಕೆ ಹೇಳ್ಬಾರ್ದು, ಹಿಂಗೆ ಮೇಲೆ ಬಿದ್ದು ಊಟ ಹಾಕೋ ಮಧ್ಯಸ್ಥ ನಮ್ ಕಡೆ ಸಿಕ್ಕಕ್ಕಿಲ್ಲ. ಹತ್ತು ಗಂಟೆ ಬಸ್ಸಿಗೆ ನಮ್ಮೋರೆಲ್ಲ ಬಂದ್ಬುಡ್ತೀವಿ.’

ಬಾಗಿಲ ಬಳಿ ಹೊನ್ನಪ್ಪ ಪೇಪರ್ ಮುಖಕ್ಕೆ ಎತ್ತಿ ಹಿಡಿದಿದ್ದರು. ಪೇಪರ್ ಗಡಗಡ ನಡುಗುತ್ತಿತ್ತು.

ದಿಲೀಪ ಕೊನೆಯ ಹುಲ್ಲುಕಡ್ಡಿ ಹಿಡಿದ. ‘ಮಕ್ಕಳೇ, ಮುಂದಿನ ಭಾನುವಾರ ಹತ್ತು ಗಂಟೆಗೆ ಇಲ್ಲಿಗೇ ಬರ್ತೀರಲ್ಲ? ಒಂದೇ ಒಂದು ಸಲ ಮುಖ ತೋರಿಸಿ ಹೋಗಿ?’

‘ಅದೆಂಗಾಯ್ತದೆ ಮಾಮ?’ ಪ್ರಿಯಾಂಕ ಕಣ್ಣರಳಿಸಿದಳು. ‘ಹತ್ತಕ್ಕೆ ಬೀಗ್ರು ಬಸ್ ಇಳೀತಾರೆ. ಎದುರ್ಗೊಳ್ಳಬೇಕು, ಕಾಲಿಗೆ ನೀರು ಕೊಡ್ಬೇಕು. ನೀವೇ ಹೇಳಿಲ್ವಾ? ಏನೇ ಆಗ್ಲಿ, ಯಾರೇ ಕರೀಲಿ…’

‘ಗುರಿ ಬಿಡಬಾರದು!’ ಎಂದವು ಹತ್ತೂ ಮಕ್ಕಳು.

ಪ್ರಮೀಳಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ‘ಮಾತು ಮಾತೇ ದಿಲೀಪ್. ಹಾಲ್ ಹೊನ್ನಪ್ಪನವರದು. ಅಂದ ಹಾಗೆ… ಇಲ್ಲಿರುವ ಎಲ್ಲರೂ ಅಂದದ್ದು ಹೊರಗಿನವರೆಗೂ ಕೇಳಿಸಿತು, ಅದರಲ್ಲಿ ನಾನೂ ಬರ್ತೀನಾ?’

‘ನಮ್ ನಗೆಕೂಟದೋರು ಬೇಗ ಮುಗಿಸ್ಕೊಂಡು ನೇರವಾಗಿ ಹಸಿರು ಗೇಟಿಗೇ ಬತ್ತೀವಿ ಕಣ್ಲಾ’ ಎಂದರು ಹೊನ್ನಪ್ಪ, ಪೇಪರ್ ಮಡಚುತ್ತ. ‘ನಗ್ ನಗ್ತಾ ಉಂಡ್ರೆ ಜೀರ್ಣ ಆಯ್ತದೆ.’

ದಿಲೀಪ ಬೆಂಚಿನ ಮೇಲೆ ಕುಸಿದ. ಗುರಿ ಇಡಲು ಹೊರಟವನು ಕುರಿ ಕೊಯ್ಯುವಲ್ಲಿಗೆ ಬಂದು ನಿಂತಿದ್ದ. ಮನೆಯಲ್ಲಿ ಅವ್ವನಿಗೆ ಇನ್ನೂ ಸುದ್ದಿಯೇ ಗೊತ್ತಿಲ್ಲ. ಎದುರಿಗೆ ಇದ್ದಿಲು ಮುಖದ ಇನಾಯತುಲ್ಲಾ, ‘ನಮ್ದು ನಲ್ಲಿ ಮೂಳೆ ಐತಲ್ಲ ಅಣ್ಣ, ಅಷ್ಟು ಹೊತ್ತು ಕಾದಿವ್ನಿ’ ಎಂದು ದೀನವಾಗಿ ಕೇಳುತ್ತಿದ್ದ. ಅವನ ಪಕ್ಕದಲ್ಲಿ ಚಲುವರಾಜು, ಆ ಮಸಿಯ ಮೀಸೆಗಿಂತ ತನ್ನದು ಉದ್ದವೋ ಗಿಡ್ಡವೋ ಎಂದು ಬೆರಳಲ್ಲಿ ಅಳೆದುಕೊಳ್ಳುತ್ತಿದ್ದರು. ಮಂಚಮ್ಮ ಎಷ್ಟೋ ದಿನಗಳ ಮೇಲೆ ಬೀಗರ ಕೈಗೆ ಎಲೆ ಅಡಿಕೆ ಇಡುತ್ತಿದ್ದಳು.

ಮೊದಲು ದಿಲೀಪನ ಹೊಟ್ಟೆ ಅಲುಗಿತು. ಆಮೇಲೆ ಭುಜ. ಆಮೇಲೆ ಬೋರ್‌ವೆಲ್ ಲಾರಿ ಸ್ಟಾರ್ಟ್ ಆಯಿತು. ದಿಲೀಪ ನಕ್ಕ. ಬೆಂಚು ತಟ್ಟಿ ನಕ್ಕ, ನೆಲಕ್ಕಿಳಿದು ಅವರೆಕಾಳಿನ ನಡುವೆ ಹೊರಳಿ ನಕ್ಕ, ಎದುರಂಗಡಿಯ ಸೈಫುಲ್ಲಾ ಟೀ ಜಾಲರಿ ಹಿಡಿದುಕೊಂಡೇ ಓಡಿಬರುವಷ್ಟು ಜೋರಾಗಿ ನಕ್ಕ. ಮಕ್ಕಳೂ ಬೀಗರೂ ಮೇಡಮ್ಮೂ ಸೇರಿ ನಕ್ಕರೂ ಅವನ ನಗುವಿನ ಅರ್ಧಕ್ಕೂ ಬರಲಿಲ್ಲ.

ಹೊನ್ನಪ್ಪ ಮೆಚ್ಚುಗೆಯಿಂದ ತಲೆದೂಗಿ, ಮೇಜಿನ ಮೇಲಿದ್ದ ದಾಳ ಎತ್ತಿ ಅವನ ಜೇಬಿಗೆ ಹಾಕಿದರು.

‘ಮೇಡಂ, ಬರ್ಕಳಿ’ ಎಂದರು. ‘ನಮ್ ನಗೆಕೂಟಕ್ಕೆ ಮೊದ್ಲನೇ ಮೆಂಬ್ರು ಸಿಕ್ದ.’